ತೊಳೆಯದ ಗ್ಲಾಸು

"ಹೊಗೆ ವಾಸನೆ ಬರೋ ವಿಸ್ಕಿ ಇದೆಯಾ?"

ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹತ್ತಿರದ ಆ ವೈನ್ ಸ್ಟೋರಿನ ಕಬ್ಬಿಣದ ಜಾಲರಿಯ ಮುಂದೆ ಒಬ್ಬ ಹೆಂಗಸು ನಿಂತು ಹೀಗೆ ಕೇಳಿದ್ದು ಅದೇ ಮೊದಲಿರಬೇಕು. ಬೆಳಗಿನ ಹೊತ್ತು. ಜಾಲರಿಯೊಳಗೆ ಕೈ ತೂರಿಸಿ ನಿಂತಿದ್ದ ಗಂಡಸರು ಕೈಗಳನ್ನು ಅಲ್ಲೇ ಮರೆತು ಅವಳತ್ತ ತಿರುಗಿದರು.

ಕೌಂಟರಿನಲ್ಲಿದ್ದ ಶಾಂತರಾಜು ತಲೆಯೆತ್ತಿದ. ನಲವತ್ತರ ಆಸುಪಾಸಿನ ಮನುಷ್ಯ, ಕಿವಿಯ ಮೇಲೆ ನರೆ, ಇಸ್ತ್ರಿ ಮಾಡಿದ ಅಂಗಿ.

"ಯಾರಿಗೆ ಮೇಡಮ್?"

"ನನಗೇ."

"ಬೀಡಿ ಹಚ್ಕಂಡು ಕುಡುದ್ರೆ ಎಲ್ಲಾ ಬ್ರಾಂಡೂ ಹೊಗೆ ವಾಸ್ನೆನೇ ಕಣಕ್ಕ," ಎಂದ ಆಟೋ ಓಡಿಸುವ ಮುರುಗೇಶ. ಉಳಿದವರು ನಕ್ಕರು. ಶಾಂತರಾಜು ನಗಲಿಲ್ಲ. ಹದಿನಾಲ್ಕು ವರ್ಷ ಬಹ್ರೇನ್‌ನ ಹೋಟೆಲೊಂದರ ಬಾರಿನಲ್ಲಿ ನಿಂತು ಬಂದವನಿಗೆ ಆ ಪ್ರಶ್ನೆ ತುಂಬ ದಿನದ ಮೇಲೆ ಕೇಳಿದ ತನ್ನದೇ ಹೆಸರಿನಂತಿತ್ತು.

"ಪೀಟೆಡ್ ಸಿಂಗಲ್ ಮಾಲ್ಟ್ ಕೇಳ್ತಿದೀರಿ. ಇಲ್ಲಿ ಹೋಗೋದೆಲ್ಲ ಪೇಪರ್ ಪ್ಯಾಕಿನ ತೊಂಬತ್ತು ಎಮ್ಮೆಲ್ಲು ಮೇಡಮ್. ಕುಡಿಯೋಕೆ ಬೇಕಿತ್ತಾ?"

"ಬರೆಯೋಕೆ," ಎಂದಳು ನಾಗಶ್ರೀ.

ಅವಳ ಕೆಲಸವೇ ಅದು. ಬೆಂಗಳೂರಿನ ಒಂದು ಕಂಪನಿ ಕಳಿಸುವ ವಿಡಿಯೊಗಳಿಗೆ ಮನೆಯಲ್ಲಿ ಕೂತು ಕನ್ನಡ ಸಬ್‌ಟೈಟಲ್ ಬರೆಯುವುದು. ಈಗ ಬಂದಿದ್ದು ವಿಸ್ಕಿಯ ಸರಣಿ, ತಿಂಗಳಿಗೊಂದು ಕಂತು. ಅಮೆರಿಕದ ಬರ್ಬನ್‌ನಿಂದ ಶುರುವಾಗಿ ಸ್ಕಾಟ್ಲೆಂಡಿನ ದ್ವೀಪದ ಹೊಗೆಯಾಡುವ ಸಿಂಗಲ್ ಮಾಲ್ಟ್ ಎಂಬ ಬಾರ್ಲಿ ವಿಸ್ಕಿಗೆ ಮುಗಿಯುವಂಥದ್ದು. ಅದರಲ್ಲೊಬ್ಬ ಗಡ್ಡದವನು ಗ್ಲಾಸಿಗೆ ಮೂಗಿಟ್ಟು, ಕಣ್ಣು ಮುಚ್ಚಿ, ಇಡೀ ಕಿರಾಣಿ ಅಂಗಡಿಯ ವಾಸನೆಗಳನ್ನೇ ಹೇಳಿಬಿಡುತ್ತಿದ್ದ. ಕೊನೆಯ ಕಂತಿನ ಟ್ರೇಲರಿಗೆ ಅವಳು 'ಹೊಗೆಯ ವಾಸನೆ' ಎಂದು ಬರೆದಿದ್ದಳು. ಕಂಪನಿಯವರು ವಾಪಸು ಕೇಳಿದ್ದರು: ಯಾವ ಹೊಗೆ? ಗೊತ್ತಾಗದಿದ್ದರೆ 'ಹೋಮದ ಹೊಗೆ' ಅಂತ ಹಾಕಿ, ಚೆನ್ನಾಗಿರುತ್ತೆ.

"ಹೋಮದ ಹೊಗೆ," ಎಂದು ಶಾಂತರಾಜು, ಅವಳು ಹೇಳಿದ್ದನ್ನೆಲ್ಲ ಕೇಳಿ, ಮೆಲ್ಲಗೆ ಪುನರುಚ್ಚರಿಸಿದ. ತುಟಿಯ ಒಂದು ಕೊನೆ ಮೇಲೆದ್ದಿತು. "ಮೂಸಿದೋರ್ಯಾರೂ ಹಂಗನ್ನಲ್ಲ. ನನ್ನ ಹತ್ರ ಸ್ವಲ್ಪ ಅದೆ. ಅಂಗಡೀದಲ್ಲ, ನನ್ದು. ಆದ್ರೆ ಸೀದಾ ಅದಕ್ಕೇ ಹೋಗಬಾರ್ದು. ಬರ್ಬನ್ನಿಂದ ಶುರು ಮಾಡ್ಬೇಕು."

"ಯಾಕೆ?"

"ಮೂಗು ಹೆದ್ರ್ಕೊಂಡ್ಬುಡ್ತದೆ ಮೇಡಮ್."

ಅವಳು ನಕ್ಕಳು. ಮನೆಯ ತಿರುವಿಗೆ ಬಂದಾಗ ತನ್ನ ನಗುವಿನ ಸದ್ದು ಇನ್ನೂ ಕಿವಿಯಲ್ಲಿರುವುದು ಗೊತ್ತಾಗಿ ಅವಳಿಗೆ ಗಾಬರಿಯಾಯಿತು. ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ.

*

ಮೈಸೂರಿನಲ್ಲಿ ತನ್ನ ಮದುವೆ ಮುರಿದುಬಿದ್ದ ಮೇಲೆ ನಾಗಶ್ರೀ ಅಜ್ಜೀಪುರದ ತವರಿಗೆ ಹೋಗದೆ, ಹನೂರು ದಾಟದೆ, ಕೊಳ್ಳೇಗಾಲದಲ್ಲೇ ಇಳಿದುಬಿಟ್ಟವಳು. ಶಿವರತ್ನಮ್ಮ, ಗುರುಪಾದಸ್ವಾಮಿ ದಂಪತಿಯ ಮನೆಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ, ಶೀಟು ಹಾಕಿದ ಬಚ್ಚಲು. "ನಮ್ಮೋರೇ ಹುಡುಗಿ, ಒಂಟಿ ಇದ್ರೂ ಮರ್ಯಾದಸ್ತೆ," ಎಂದು ಶಿವರತ್ನಮ್ಮ ಬಾಡಿಗೆಗೆ ಕೊಟ್ಟಿದ್ದರು. ಆ ಎರಡು ಮಾತುಗಳ ಮೇಲೆ ಅವಳ ಬದುಕು ನಿಂತಿತ್ತು. ನಮ್ಮೋರು. ಮರ್ಯಾದಸ್ತೆ.

ದಿನವೆಲ್ಲ ಹೆಡ್‌ಫೋನಿನಲ್ಲಿ ಯಾರ್ಯಾರದೋ ಮಾತು. ತೆಗೆದರೆ ಪಕ್ಕದ ಬೀದಿಯ ರೇಷ್ಮೆ ನೂಲು ಬಿಚ್ಚುವ ಯಂತ್ರಗಳ ಸದ್ದು, ಬೇಯುವ ಗೂಡಿನ ಗಬ್ಬು. ಸಂಜೆ ಆರರ ಮೇಲೆ ಅವಳ ಬಾಯಿಂದ ಒಂದು ಮಾತೂ ಹೊರಡಬೇಕಾದ ಸಂದರ್ಭವಿರಲಿಲ್ಲ. ಎಷ್ಟೋ ಸಂಜೆ ಅವಳು ಅನ್ನದ ಪಾತ್ರೆಗೆ, "ಆಯ್ತಾ?" ಎಂದು ಕೇಳಿದ್ದುಂಟು.

ಈಗ ಶಾಂತರಾಜು ಬರ್ಬನ್ ತರಲು ಸಿದ್ಧನಿದ್ದ. ಎಲ್ಲಿಗೆ ತರುವುದು?

ಈ ಊರಿನಲ್ಲಿ ಗಂಡಸು ಎಲ್ಲಿ ಬೇಕಾದರೂ ಕುಡಿಯಬಹುದು. ಬಾರಿನೊಳಗೆ, ಬಾರಿನ ಹೊರಗೆ, ಲಾರಿಯ ಮರೆಯಲ್ಲಿ, ಕಾಲುವೆ ದಂಡೆಯಲ್ಲಿ, ಕುಡಿದು ಬಂದು ಹೆಂಡತಿಯ ಜುಟ್ಟು ಹಿಡಿಯುವ ನಡುಮನೆಯಲ್ಲಿ. ಯಾರೂ ಏನೂ ಅನ್ನುವುದಿಲ್ಲ. ಒಬ್ಬ ಹೆಂಗಸೂ ಒಬ್ಬ ಗಂಡಸೂ ಎದುರುಬದುರು ಕೂತು ಒಂದು ಗ್ಲಾಸನ್ನು ಮೂಸಿ ನೋಡುವುದಕ್ಕೆ ಮಾತ್ರ ಚಾಪೆಯಗಲದ ಜಾಗವಿಲ್ಲ.

ಜಾಗ ಕೊಟ್ಟವನು ಮಾದಪ್ಪ. ಪ್ರತಿ ಅಮಾವಾಸ್ಯೆ ಮನೆಯೊಡೆಯರಿಬ್ಬರೂ ಬೆಳಗಿನ ಬಸ್ಸಿಗೆ ಮಾದಪ್ಪನ ಬೆಟ್ಟಕ್ಕೆ ಹೋದರೆ ಮಾರನೆಯ ದಿನವೇ ವಾಪಸು. "ಮನೆ ಕಡೆ ಜ್ವಾಪಾನ ಕಣವ್ವ," ಎಂದು ಬೀಗದ ಕೈ ಕೊಟ್ಟು ಹೋಗುತ್ತಿದ್ದರು. ನಾಗಶ್ರೀ ಜೋಪಾನವಾಗಿ ಶಾಂತರಾಜುವಿಗೆ ಫೋನ್ ಮಾಡಿದಳು.

*

ಮೊದಲ ಅಮಾವಾಸ್ಯೆಯ ಮಧ್ಯಾಹ್ನ ಅವನು ಬಂದ. ಟವೆಲಿನಲ್ಲಿ ಸುತ್ತಿದ ಎರಡು ಗ್ಲಾಸು, ಹೋಮಿಯೋಪತಿ ಔಷಧಿಯ ಸೀಸೆಯಂಥ ಒಂದು ಪುಟ್ಟ ಕಂದು ಸೀಸೆ. ತಾವರೆ ಮೊಗ್ಗಿನಂತೆ ಕೆಳಗೆ ಉಬ್ಬಿ ಬಾಯಲ್ಲಿ ಮುದುಡಿದ ಗ್ಲಾಸುಗಳು.

"ಕಿಟಕಿ ಹಾಕಿ. ಗೂಡು ಬೇಯೋ ವಾಸ್ನೆ ಮುಂದೆ ಯಾವ ವಿಸ್ಕೀನೂ ನಿಲ್ಲಲ್ಲ."

ಚಾಪೆಯ ಮೇಲೆ ಎದುರುಬದುರು ಕೂತರು. ಅವನು ಸುರಿದದ್ದು ಗ್ಲಾಸಿನ ತಳ ಒದ್ದೆಯಾಗುವಷ್ಟು.

"ಇಷ್ಟೇನಾ?"

"ಕುಡುಕಿ ಥರ ಮಾತಾಡ್ಬೇಡಿ. ಬರೆಯೋಕೆ ತಾನೆ?" ಎಂದ. "ಮೂಗು ಒಳಕ್ಕೆ ಇಳಿಸ್ಬೇಡಿ. ಬಾಯಿ ಒಂಚೂರು ತೆಗುದಿರ್ಲಿ. ಹಾಂ, ಹಂಗೆ."

ಅವಳ ತುಟಿಗಳು ಒಂದಿಷ್ಟು ಬಿರಿದವು. ಅವನು ನೋಡಿದ, ನೋಡಿದ್ದು ಹೆಚ್ಚಾಯಿತೆಂದು ಮುಚ್ಚಿದ ಕಿಟಕಿಯ ಕಡೆ ತಿರುಗಿ, ಅಲ್ಲಿ ಏನೋ ಕಾಣುತ್ತಿರುವವನಂತೆ ಕೂತ. ಅವಳು ಕಣ್ಣು ಮುಚ್ಚಿದ್ದಳು. ಮುಚ್ಚಿದ ಕಣ್ಣಿನಲ್ಲೂ ಅವನು ತಿರುಗಿದ್ದು ಅವಳಿಗೆ ಗೊತ್ತಾಯಿತು.

"ಬೆಲ್ಲ," ಎಂದಳು. "ಅಲ್ಲ, ಬೆಲ್ಲ ಆಗೋಕೆ ಮುಂಚೆ. ಆಲೆಮನೆ ಕೊಪ್ಪರಿಗೆ ತಳ ಹತ್ತಿದಾಗ ಬರುತ್ತಲ್ಲ ಅದು. ಆಮೇಲೆ ಕೊಬ್ಬರಿ."

"ಹಂಗೇ ಬರೀರಿ. ವೆನಿಲಾ ಅಂತ ಬರ್ದ್ರೆ ನಮ್ಮೋರು ಐಸ್‌ಕ್ರೀಂ ಅನ್ಕಂಡಾರು."

ತುಟಿಗೆ ತಾಗಿಸುವ ಮೊದಲು ಅವಳ ಕೈ ತಾನಾಗಿ ಎದೆಯ ಮೇಲಿನ ಶಿವದಾರವನ್ನು ಮುಟ್ಟಿತು.

"ಅವನಿಗೇನೂ ಬೇಜಾರಿಲ್ಲ ಬುಡಿ," ಎಂದ ಶಾಂತರಾಜು. "ವಿಷಾನೇ ಕುಡ್ದೋನು."

ಬರ್ಬನ್ ಇಳಿದ ದಾರಿಯುದ್ದಕ್ಕೂ ಬೆಚ್ಚಗಾಯಿತು. ಅವನು ಹೇಳುತ್ತಾ ಹೋದ: ಮುಸುಕಿನ ಜೋಳದ ಮದ್ಯ ಇದು. ಹೊಸ ಓಕ್ ಪೀಪಾಯಿಯ ಒಳಗೋಡೆಯನ್ನು ಬೆಂಕಿಯಲ್ಲಿ ಕರಕಲು ಮಾಡಿ ಇದನ್ನು ತುಂಬುತ್ತಾರೆ. ಬರ್ಬನ್ನಿಗೆ ಹೊಸ ಪೀಪಾಯಿಯೇ ಆಗಬೇಕು, ಬಳಸಿದ್ದಕ್ಕೆ ಮತ್ತೆ ತುಂಬುವಂತಿಲ್ಲ.

"ಒಂದೇ ಸಲಕ್ಕೆ ಬಿಟ್ಬಿಡ್ತಾರಾ?" ಎಂದಳು ನಾಗಶ್ರೀ. ಬೇಡವೆಂದರೂ ಅವಳ ದನಿ ಎಲ್ಲಿಗೋ ಹೋಗಿ ಬಂದಿತ್ತು.

ಅವನು ಗ್ಲಾಸನ್ನು ಬೆಳಕಿಗೆ ಹಿಡಿದ. "ಬಿಟ್ಟಿದ್ದನ್ನ ಸ್ಕಾಟ್ಲೆಂಡಿನೋರು ತಕೊಂಡೋಗ್ತರೆ. ಅವರ ಮಾಲ್ಟು ಅದ್ರಲ್ಲೇ ಹಣ್ಣಾಗೋದು. ಎರಡನೇ ಸಲ ನಿಧಾನ ಮೇಡಮ್. ಆದ್ರೆ ಅದೇ ರುಚಿ ಅನ್ನೋರು ಬಾಳ ಜನ ಅವ್ರೆ."

ಇಬ್ಬರೂ ಸ್ವಲ್ಪ ಹೊತ್ತು ಪೀಪಾಯಿಯ ಬಗ್ಗೆಯೇ ಯೋಚಿಸುತ್ತಿರುವವರಂತೆ ಕೂತರು.

"ನಿಮ್ಮ ತಂದೆ ಏನು ಮಾಡ್ತಿದ್ರು?" ಎಂದು ಅವಳು ಮಾತು ತಿರುಗಿಸಿದಳು.

"ಚಿಕ್ಕಸಿದ್ದಯ್ಯ ಅಂತ. ತಮಟೆ ಬಾರಿಸ್ತಿದ್ರು. ಯಳಂದೂರು ಸೀಮೇಲಿ ಅವರ ಏಟು ಅಂದ್ರೆ ಎಲ್ಲರಿಗೂ ಗೊತ್ತಿರೋದು."

"ಓ," ಎಂದಳು ನಾಗಶ್ರೀ. ಆಮೇಲೆ, "ಇದಕ್ಕೆ ನೀರು ಹಾಕ್ತಾರಾ?" ಎಂದಳು.

ಶಾಂತರಾಜು ಆ 'ಓ' ಕೇಳಿಸಿಕೊಂಡ. ಅಂಥ 'ಓ'ಗಳನ್ನು ಅವನು ಜೀವಮಾನವಿಡೀ ಕೇಳಿಸಿಕೊಂಡು ಬಂದಿದ್ದ; ಯಾವುದರಲ್ಲಿ ಏನಿದೆಯೆಂದು ಬೇರ್ಪಡಿಸಬಲ್ಲವನಾಗಿದ್ದ. ಇದರಲ್ಲಿ ಅಸಹ್ಯವಿರಲಿಲ್ಲ. ಭಯವಿತ್ತು, ಸ್ವಲ್ಪ.

"ಎರಡು ತೊಟ್ಟು," ಎಂದು ನೀರಿನ ಚೊಂಬಿಗೆ ಕೈ ಚಾಚಿದ.

*

ಎರಡನೆಯ ಅಮಾವಾಸ್ಯೆಗೆ ಶೆರಿ ಎಂಬ ದ್ರಾಕ್ಷಿ ಮದ್ಯ ತುಂಬಿಟ್ಟಿದ್ದ ಪೀಪಾಯಿಯಲ್ಲಿ ಹಣ್ಣಾದ ಸಿಂಗಲ್ ಮಾಲ್ಟು. ಒಣದ್ರಾಕ್ಷಿ, ಖರ್ಜೂರ, ಹಳೆಯ ಹುಣಸೆ, ಸಾಗುವಾನಿ ಪೆಟ್ಟಿಗೆಯ ಒಳಗಿನ ಗಾಳಿ. ಹೋದ ತಿಂಗಳ ಬರ್ಬನ್ ಉಳಿದಿತ್ತು. ಒಂದಾದ ಮೇಲೊಂದು ಮೂಸಿ ಹೋಲಿಸಿದರು.

"ಬರ್ಬನ್ನು ಬಾಗಿಲಲ್ಲೇ ನಿಂತು ಜೋರಾಗಿ ಮಾತಾಡೋ ನೆಂಟ," ಎಂದಳು ನಾಗಶ್ರೀ. "ಇದು ಒಳಗೆ ಬಂದು ಕೂತು, ನಾವು ಕೇಳಿದ ಮೇಲೆ ಬಾಯಿ ಬಿಡೋದು."

"ನಾನು ಯಾವುದು ಹಂಗಾದ್ರೆ?"

"ನೀವಿನ್ನೂ ಮೆಟ್ಟಿಲ ಮೇಲಿದ್ದೀರಿ."

ಅವನು ನಕ್ಕ. ಗ್ಲಾಸು ಕೊಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ತಕ್ಷಣ ತೆಗೆಯಲಿಲ್ಲ, ಗ್ಲಾಸು ಬಿದ್ದೀತೆಂಬ ನೆಪವೊಂದಿತ್ತು.

ಹೊರಡುವಾಗ ಹೇಳಿದ: "ನನ್ನ ಗ್ಲಾಸ್ ತೊಳೀಬೇಡಿ. ತಳದಲ್ಲಿ ಒಂದು ತೊಟ್ಟು ಬುಟ್ಟಿದೀನಿ. ನಾಳೆ ಮೂಸಿ ನೋಡಿ. ವಿಸ್ಕಿ ಹೋದ್ಮೇಲೆ ಬರೋ ವಾಸ್ನೆನೇ ಬೇರೆ. ಬಾರಿನಲ್ಲಿ ಎಲ್ಲರೂ ಎದ್ದೋದ್ಮೇಲೆ ಖಾಲಿ ಗ್ಲಾಸ್ ಮೂಸೋದು ನನ್ನ ಚಾಳಿ. ಹದಿನಾಲ್ಕು ವರ್ಷ ನನ್ನ ಜೊತೆ ಇದ್ದುದ್ದು ಅದೊಂದೇ."

ಮಾರನೆಯ ಬೆಳಗ್ಗೆ ಅವಳು ಮೂಸಿದಳು. ಜೇನುಮೇಣ. ಒಣಗಿದ ಹೂವು. ಎಲ್ಲಕ್ಕಿಂತ ಕೆಳಗೆ, ಇನ್ನೊಬ್ಬ ಮನುಷ್ಯ ಈ ಕೋಣೆಯಲ್ಲಿ ಇದ್ದುಹೋದದ್ದರ ಗುರುತು.

ತನ್ನ ಗ್ಲಾಸನ್ನು ತೊಳೆದು ಲೋಟಗಳ ಜೊತೆ ಒಳಗಿಟ್ಟಳು. ಅವನದನ್ನು ತೊಳೆಯಲಿಲ್ಲ. ಸಂಜೆ ಮತ್ತೆ ಮೂಸಿದಳು. ಅದರ ಮಾರನೆಯ ಸಂಜೆಯೂ. ಅನ್ನದ ಪಾತ್ರೆಯನ್ನು ಮಾತಾಡಿಸುವುದು ನಿಂತುಹೋಯಿತು.

ಒಂದು ದಿನ ಟ್ಯಾಂಕಿನ ನೀರು ನೋಡಲು ಮೇಲೆ ಬಂದ ಶಿವರತ್ನಮ್ಮ ಅಡುಗೆಮನೆಗೆ ಇಣುಕಿ ಮೂಗು ಅರಳಿಸಿದರು. "ಏನವ್ವ ಇದು, ಟಾನಿಕ್ಕು ವಾಸ್ನೆ?"

"ಕೆಮ್ಮಿನ ಔಷಧಿ ಚೆಲ್ತು ಕಣವ್ವ."

ಅವರು ಇಳಿದುಹೋದ ಕೂಡಲೇ ನಾಗಶ್ರೀ ಆ ಗ್ಲಾಸನ್ನು ತೆಗೆದುಕೊಂಡು ಹೊರಗೆ ಬಂದಳು. ಬಚ್ಚಲ ಗೋಡೆಗೂ ಶೀಟಿಗೂ ನಡುವೆ, ಒಗೆಯುವ ಕಲ್ಲಿನ ಮೇಲ್ಗಡೆ ಒಂದು ಸಂದಿಯಿತ್ತು. ಅಲ್ಲಿ ಬೋರಲಾಗಿಟ್ಟಳು. ಶಿವರತ್ನಮ್ಮನ ಮೂಗಿಗೆ ಸಿಗದು, ಮಳೆಗೆ ನೆನೆಯದು. ಪ್ರತಿ ಸಂಜೆ ಬಟ್ಟೆ ತೆಗೆಯುವ ನೆಪದಲ್ಲಿ ಬಂದು ಮೂಸಿ ಮತ್ತೆ ಅಲ್ಲೇ ಇಡುತ್ತಿದ್ದಳು.

*

ಮೂರನೆಯ ಅಮಾವಾಸ್ಯೆ. ಕಡಲೆಬೀಜ ಹುರಿಯುತ್ತಿದ್ದಳು. ಹೊರಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿತು. ಬಾಗಿಲಿಗೆ ಬರುವ ಮುಂಚೆಯೇ ನಿಂತಿತು. ಆಮೇಲೆ ನಲ್ಲಿಯ ಸದ್ದು. ಕೈಕಾಲು ತೊಳೆಯುತ್ತಿರಬೇಕು ಎಂದುಕೊಂಡಳು. ನಲ್ಲಿ ನಿಲ್ಲಲಿಲ್ಲ.

ಹೊರಗೆ ಬಂದು ನೋಡಿದರೆ ಶಾಂತರಾಜು ಒಗೆಯುವ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಾನೆ. ಇಸ್ತ್ರಿ ಮಾಡಿದ ಪ್ಯಾಂಟು ಮೊಣಕಾಲಲ್ಲಿ ಮುದುರಿದೆ. ಕೈಯಲ್ಲಿ ಗ್ಲಾಸು. ಬಟ್ಟೆ ಸೋಪು ಸವರಿ, ಹೆಬ್ಬೆರಳನ್ನು ಒಳಗಿಳಿಸಿ, ತಿರುಗಿಸಿ ತಿರುಗಿಸಿ ಉಜ್ಜುತ್ತಿದ್ದಾನೆ. ನೊರೆ ಕಲ್ಲಿನ ಮೇಲೆ ಹರಿದು ಮೋರಿಗೆ ಇಳಿಯುತ್ತಿದೆ.

"ಅಯ್ಯೋ, ಯಾಕೆ ತೊಳೆದ್ರಿ?" ಅವಳ ದನಿ ಕೀರಲಾಯಿತು.

"ನಮ್ ಲೋಟ ನಾವೇ ತೊಳ್ದಿಡದಲ್ವಾ ಬುದ್ಧಿ," ಎಂದ.

ಬುದ್ಧಿ. ಅಜ್ಜೀಪುರದ ಅಂಗಳದಲ್ಲಿ, ತಲೆಯ ಟವೆಲು ಕಂಕುಳಿಗಿಟ್ಟು ನಿಂತ ಮುದುಕರು ಅವಳ ಅಪ್ಪನಿಗೆ ಅನ್ನುತ್ತಿದ್ದ ಮಾತು. ಚಿಕ್ಕಂದಿನಲ್ಲಿ ಅವಳಿಗೂ ಅನ್ನುತ್ತಿದ್ದರು, ಲಂಗ ತೊಟ್ಟ ಹುಡುಗಿಗೆ. ಇವತ್ತು ಅದು ಈ ಬಾಯಿಂದ ಬಂತು.

"ಅದು ಹಾಗಲ್ಲ," ಎಂದಳು.

ಅವನು ಗ್ಲಾಸನ್ನು ನೀರಿಗೆ ಹಿಡಿದ. "ನಮ್ಮೂರ ಟೀ ಅಂಗ್ಡಿ ಸೂರಿನ ಸಂದೀಲಿ ನಮ್ಮಪ್ಪನ ಲೋಟ ಸಿಗ್ಸಿರ್ತಿತ್ತು. ಅಪ್ಪ ತಗದು ತೊಳ್ದು ಹಿಡಿಯೋನು, ಅವ್ರು ಮೇಲಿಂದ ಸುರಿಯೋರು. ಕುಡ್ದು, ತೊಳ್ದು, ಅಲ್ಲೇ ಸಿಗ್ಸೋನು. ನಾನು ಚಿಕ್ಕೋನು. ಇಷ್ಟು ದೊಡ್ಡ ಅಂಗ್ಡೀಲಿ ನಮ್ಮಪ್ಪನಿಗೆ ಮಾತ್ರ ಸ್ವಂತ ಲೋಟ ಅದೆ ಅಂತ ಸ್ಕೂಲಲ್ಲಿ ಜಂಬ ಕೊಚ್ಕೊಂಡಿದ್ದೆ."

ನಾಗಶ್ರೀ ಎಲ್ಲವನ್ನೂ ಹೇಳಿದಳು: ಖಾಲಿ ಗ್ಲಾಸು, ಸಂಜೆಗಳು, ಶಿವರತ್ನಮ್ಮನ ಮೂಗು, ಕೆಮ್ಮಿನ ಔಷಧಿ. "ಒಂದು ತಿಂಗಳು ಅದನ್ನ ಮೂಸ್ಕೊಂಡು ಬದುಕಿದೀನಿ ಶಾಂತರಾಜು. ನೀವು ತೊಳೆದುಬಿಟ್ರಿ."

ಅವನು ಕೈಯಲ್ಲಿದ್ದ ಗ್ಲಾಸನ್ನು ಈಗಷ್ಟೇ ಕಂಡವನಂತೆ ನೋಡಿದ. ಮೂಗಿನ ಹತ್ತಿರ ತಂದ. ಸೋಪಿನ ವಾಸನೆ.

"ನಂಬ್ತೀನಿ," ಎಂದ.

"ನಂಬಿದ್ರೆ ಒಳಗೆ ಬನ್ನಿ."

"ನಿಮ್ಮ ಗ್ಲಾಸ್ ಎಲ್ಲದೆ?"

"ಒಳಗೆ."

"ನನ್ದು?"

ಅವಳ ಕಣ್ಣು ಶೀಟಿನ ಸಂದಿಯ ಕಡೆ ಹೋಯಿತು. ಕಡಲೆಬೀಜ ಸೀಯುತ್ತಿದ್ದ ವಾಸನೆ ಬಂತು. ಇಬ್ಬರೂ ಕದಲಲಿಲ್ಲ.

"ನಿಮ್ಮ ಕಾರಣ ಚೆನ್ನಾಗದೆ," ಎಂದ ಅವನು. ಕೋಪದಲ್ಲಿ ಹೇಳಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಟೀ ಅಂಗ್ಡಿಯವನೂ ಒಳ್ಳೆ ಮನುಷ್ಯನೇ. ಗಿರಾಕಿ ಬುಟ್ಟೋಯ್ತರೆ ಕಣೋ ಸಿದ್ದಯ್ಯ, ನಂಗೇನಿಲ್ಲ ಅಂತಿದ್ದ. ಆಚೆ ಇಡೋ ಲೋಟಕ್ಕೆಲ್ಲ ಒಂದೊಂದು ಕಾರಣ ಇದ್ದೇ ಇರ್ತದೆ ನಾಗಶ್ರೀ."

ಮೇಡಮ್ ಇಲ್ಲದೆ ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಗ್ಲಾಸನ್ನು ಸಂದಿಯಲ್ಲಿ ಇದ್ದ ಹಾಗೇ ಬೋರಲಾಗಿಟ್ಟ. ಜೇಬಿನಿಂದ ಕಂದು ಸೀಸೆ ತೆಗೆದು ಮೋಟುಗೋಡೆಯ ಮೇಲಿಟ್ಟ. "ಹೊಗೆಯದ್ದು. ನಿಮ್ಮ ಕೆಲ್ಸಕ್ಕೆ ಬೇಕಲ್ಲ." ಮೆಟ್ಟಿಲಿಳಿದ. ಕೆಳಗಿನ ಗೇಟನ್ನು ಸದ್ದಾಗದಂತೆ ಮುಚ್ಚಿಕೊಂಡು ಹೋದ, ಅವಳ ಮರ್ಯಾದೆಗೆ.

*

ಮೊದಲು ಅವಳಿಗೆ ಸಿಟ್ಟು ಬಂತು. ಒಂದು ಮಾತು ಕೇಳಬಾರದಿತ್ತೆ? ತನ್ನ ಒಂಟಿತನಕ್ಕೆ ಬೆಲೆಯಿಲ್ಲವೆ? ಆ ಸಿಟ್ಟು ಎರಡು ದಿನ ಜೊತೆಗಿತ್ತು, ಅಷ್ಟು ಮಟ್ಟಿಗೆ ಒಳ್ಳೆಯದೇ ಆಯಿತು. ಅದು ಹೋದ ಮೇಲೆ ಬಂದದ್ದು ಕೆಟ್ಟದ್ದು.

ಅಜ್ಜೀಪುರದ ಮನೆಯ ಹಿತ್ತಲು. ದನದ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ತಗ್ಗುನೆಗ್ಗಾದ ಒಂದು ಅಲ್ಯುಮಿನಿಯಂ ಲೋಟ. ಯಾರದೆಂದು ಕೇಳಿದ್ದಕ್ಕೆ ಅಮ್ಮ ಹೇಳಿದ್ದಳು, ಕೂಲಿಯೋರದ್ದು ಮಗ, ಬಿಸಿಲಿಂದ ಬಂದೋರಿಗೆ ಅಲ್ಲೇ ಕೈಗೆ ಸಿಗಲಿ ಅಂತ. ಎಷ್ಟು ಒಳ್ಳೆಯ ಅಮ್ಮ. ಎಷ್ಟು ಒಳ್ಳೆಯ ಕಾರಣ.

ಗ್ಲಾಸು ಬಚ್ಚಿಡಲು ಕೋಣೆಯಲ್ಲೇ ಬೀರುವಿತ್ತು, ಟ್ರಂಕು ಇತ್ತು, ಮಂಚದ ಅಡಿ ಇತ್ತು. ಅವಳ ಕೈ ಯೋಚಿಸದೆ ಹೋದದ್ದು ಸೂರಿನ ಸಂದಿಗೆ. ಅವಳಿಗೆ ಗೊತ್ತಿಲ್ಲದಿದ್ದರೂ ಕೈಗೆ ದಾರಿ ಗೊತ್ತಿತ್ತು.

ಸಂಜೆಗಳು ಹಳೆಯ ಹಾಗಾದವು. ಹಳೆಯದಕ್ಕಿಂತ ಉದ್ದವಾದವು. ಕಂಪನಿಯವರು ಕೊನೆಯ ಕಂತಿಗೆ ಮತ್ತೆ ಮತ್ತೆ ಮೆಸೇಜು ಹಾಕಿದರು. ಅವಳು 'ಹೋಮದ ಹೊಗೆ' ಎಂದು ಟೈಪು ಮಾಡಿ, ನೋಡಿ, ಅಳಿಸಿದಳು. ಸೀಸೆಯ ಮುಚ್ಚಳ ತೆಗೆಯಲಿಲ್ಲ.

ಒಂದು ಸಂಜೆ ಎದ್ದು, ಸಂದಿಯಲ್ಲಿದ್ದ ಗ್ಲಾಸನ್ನು ತಂದು, ಒಳಗಿನದರ ಪಕ್ಕದಲ್ಲಿ, ಬಾಗಿಲಿನಿಂದಲೇ ಕಾಣುವ ಹಲಗೆಯ ಮೇಲೆ ಇಟ್ಟಳು. ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ವೈನ್ ಸ್ಟೋರಿನ ಮುಂದೆ ಸಂಜೆಯ ನೂಕುನುಗ್ಗಲು. ಅವಳು ನಡುವೆ ನುಗ್ಗಿದಳು.

"ಅಕ್ಕ ಬಂದ್ರು, ದಾರಿ ಬುಡ್ರುಲಾ," ಎಂದ ಮುರುಗೇಶ. "ಹೊಗೆ ಸಿಕ್ತಾ ಅಕ್ಕ?"

"ಇನ್ನೂ ಇಲ್ಲ ಕಣಣ್ಣ. ಅದಕ್ಕೇ ಬಂದೆ." ಜಾಲರಿಯ ಆಚೆ ಶಾಂತರಾಜುವಿನ ಕೈ ಬಾಟಲಿಯ ಮೇಲೆ ನಿಂತುಬಿಟ್ಟಿತ್ತು. ಅವಳು ದನಿ ತಗ್ಗಿಸಲಿಲ್ಲ. "ಗ್ಲಾಸು ಒಳಗಿಟ್ಟಿದೀನಿ. ನಾಳೆ ಸಂಜೆ ಮನೆಗೆ ಬನ್ನಿ."

"ನಾಳೆ ಹುಣ್ಣಿಮೆ," ಎಂದ ಅವನು. "ಅವ್ರು ಮನೇಲೇ ಇರ್ತರೆ."

"ಇರ್ತಾರೆ. ಮುಂದಿನ ಗೇಟಿಂದ ಬನ್ನಿ."

"ಅಣ್ಣ, ಚಿಲ್ಲರೆ," ಎಂದು ಯಾರೋ ಕೂಗಿದರು.

*

ಬರುತ್ತಾನೋ ಇಲ್ಲವೋ. ಹುಣ್ಣಿಮೆಯ ಸಂಜೆ, ಹೊತ್ತು ಇನ್ನೂ ಇಳಿಯದಿರುವಾಗ, ಗೇಟು ಕ್ರೀಚೆಂದಿತು. ಈ ಸಲ ಅವನು ಸದ್ದಡಗಿಸಲಿಲ್ಲ.

ಶಿವರತ್ನಮ್ಮ ಅಂಗಳದಲ್ಲಿ ಹೂ ಕಟ್ಟುತ್ತಿದ್ದರು. "ಯಾರಪ್ಪಾ ಅದು, ಮ್ಯಾಕ್ಕೋಗದು?"

ನಾಗಶ್ರೀ ಮೆಟ್ಟಿಲ ತುದಿಗೆ ಬಂದಳು. "ನನ್ನ ಮನೆಗೆ ಬಂದೋರು ಕಣವ್ವ. ಶಾಂತರಾಜು ಅಂತ."

"ಯಾವೂರಪ್ಪಾ?"

"ಯಳಂದೂರು ಸೀಮೆ ಅವ್ವ," ಎಂದ ಅವನು.

"ಯಳಂದೂರು ಸೀಮೇಲಿ ಯಾರ ಪೈಕಿ?"

ಆ ಪ್ರಶ್ನೆ ಯಾವತ್ತೂ ಬಹಳ ಮೃದುವಾಗಿಯೇ ಬರುತ್ತದೆ, ಹೂವಿಗೆ ದಾರ ಹಾಕುತ್ತಾ. ಶಾಂತರಾಜು ತಲೆಯೆತ್ತಿ ನಾಗಶ್ರೀಯನ್ನು ನೋಡಿದ. ಸುಳ್ಳು ಹೇಳು ಎಂದಾಗಲಿ, ನಿಜ ಹೇಳು ಎಂದಾಗಲಿ ಆ ನೋಟದಲ್ಲಿರಲಿಲ್ಲ. ಏನು ಹೇಳುತ್ತೀಯೋ ನೋಡುತ್ತೇನೆ ಎಂದಷ್ಟೇ ಇತ್ತು.

"ತಮಟೆ ಚಿಕ್ಕಸಿದ್ದಯ್ಯನವರ ಮಗ ಕಣವ್ವ," ಎಂದಳು. ಮುಂದಿನದು ತಾನಾಗಿ ಬಂತು. "ನಾನು ಮದುವೆ ಆಗ್ಬೇಕು ಅಂತಿರೋರು. ಅವರಿನ್ನೂ ಒಪ್ಪಿಲ್ಲ."

ಶಿವರತ್ನಮ್ಮನ ಬೆರಳಲ್ಲಿ ದಾರ ನಿಂತಿತು. ಹೂವಿನ ಬುಟ್ಟಿ ತೆಗೆದುಕೊಂಡು ಒಳಗೆ ಹೋದರು.

ಶಾಂತರಾಜು ಮೆಟ್ಟಿಲು ಹತ್ತಿ ಬಂದ. ಹೊಸ್ತಿಲಲ್ಲಿ ನಿಂತು ಹಲಗೆಯ ಮೇಲಿನ ಜೋಡಿ ಗ್ಲಾಸುಗಳನ್ನು ನೋಡಿದ, ಬಹಳ ಹೊತ್ತು. ಆಮೇಲೆ ಒಳಗೆ ಬಂದು ಚಾಪೆಯ ಮೇಲೆ ಕೂತ. ನಾಗಶ್ರೀ ಬಾಗಿಲು ಹಾಕಲಿಲ್ಲ.

ಸೀಸೆಯ ಮುಚ್ಚಳ ತೆಗೆದ ಕೂಡಲೇ ಕೋಣೆಯೇ ಬೇರೆಯಾಯಿತು.

"ಜೌಗಿನ ಮಣ್ಣು ಕತ್ತರ್ಸಿ, ಬೆರಣಿ ಥರ ಒಣಗ್ಸಿ ಉರಿ ಹಾಕ್ತರೆ," ಎಂದ. "ಅದೇ ಪೀಟು. ಆ ಹೊಗೇಲಿ ಬಾರ್ಲಿ ಒಣಗ್ಸೋದು. ಮೂಸಿ."

ಅವಳು ಕಣ್ಣು ಮುಚ್ಚಿದಳು. "ಆಸ್ಪತ್ರೆ. ಟಿಂಚರು. ಉಪ್ಪು. ಮಳೆ ಬಿದ್ದ ಒಲೆಯ ಬೂದಿ." ತಡೆದಳು. "ಇನ್ನೊಂದು ಏನೋ ಇದೆ. ಗೊತ್ತಾಗ್ತಿಲ್ಲ."

"ಗೊತ್ತಾಗಲ್ಲ ನಿಮ್ಗೆ. ನಿಮ್ಮ ಬೀದಿಗೆ ಅದ್ರ ಸದ್ದು ಬತ್ತದೆ, ವಾಸ್ನೆ ಬರಲ್ಲ."

ಅವಳು ಕಣ್ಣು ತೆರೆದಳು.

"ತಮಟೆ," ಎಂದ ಅವನು. "ಬಾರ್ಸೋಕೆ ಮುಂಚೆ ಹುಲ್ಲು ಹತ್ತಿಸಿ ಕಾಯಿಸ್ತರೆ. ಚರ್ಮ, ಹೊಗೆ, ಅಪ್ಪನ ಬೆವರು. ಬಹ್ರೇನಲ್ಲಿ ಮೊದಲ ಸಲ ಈ ಬಾಟ್ಲಿ ತಗ್ದಾಗ ಸ್ಟೋರ್ ರೂಮಿಗೆ ಓಗಿ ಕೂತ್ಕಂಡ್ಬುಟ್ಟೆ. ಅಪ್ಪ ಸತ್ತಾಗ ರಜ ಸಿಕ್ಕಿರ್ಲಿಲ್ಲ. ಅಲ್ಲಿ ಸಿಕ್ದ. ಊರಲ್ಲಿ ಆ ವಾಸ್ನೆಗೆ ಮೂಗು ಮುಚ್ಕೊಂಡು ದಾರಿ ಬುಡೋರು. ಅಲ್ಲಿ ಸೂಟಾಕ್ಕಂಡು ಬಂದು, ದುಡ್ಡು ಕೊಟ್ಟು, ಕಣ್ಮುಚ್ಕೊಂಡು ಆಹಾ ಅನ್ನೋರು."

ಅವಳು ಮತ್ತೆ ಮೂಸಿದಳು. ಈ ಸಲ ಆತುರವಿರಲಿಲ್ಲ. ಗುರುತಿಲ್ಲದ ವಾಸನೆಯೊಂದಕ್ಕೆ ಜಾಗ ಮಾಡಿಕೊಡುವಂತೆ ಉಸಿರನ್ನು ಒಳಗೇ ಹಿಡಿದಳು.

"ಯಾವ ಹೊಗೆ ಅಂತ ಕೇಳಿದ್ದಾರೆ," ಎಂದಳು. "ಹುಲ್ಲುರಿಗೆ ಹಿಡಿದ ತಮಟೆಯ ಹೊಗೆ ಅಂತ ಬರೀತೀನಿ."

"ಅರ್ಥ ಆಗಲ್ಲ ಅಂತರೆ."

"ಯಾರಿಗೆ?"

ಅವನು ಉತ್ತರ ಹೇಳುವ ಮುಂಚೆ ಕೆಳಗಿನಿಂದ ಶಿವರತ್ನಮ್ಮನ ದನಿ ಬಂತು, ಮೆತ್ತಗೆ, ಎಂದಿನಂತೆ. "ನಾಗಶ್ರೀ, ಈ ತಿಂಗ್ಳು ತುಂಬುತ್ಲೂ ಮೇಲ್ಮನೆ ಕಾಲಿ ಮಾಡ್ಕೊಡವ್ವ. ಸುಣ್ಣಬಣ್ಣ ಮಾಡಿಸ್ಬೇಕು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಕಾರಣ," ಎಂದ ಶಾಂತರಾಜು.

ಅವಳಿಗೆ ನಗು ಬಂತು. ನಗುವಿನ ಕೊನೆಯಲ್ಲಿ ಕಣ್ಣು ತುಂಬಿತು. ನಮ್ಮೋರು, ಮರ್ಯಾದಸ್ತೆ: ಅವಳ ಬದುಕು ನಿಂತಿದ್ದ ಎರಡೂ ಹಲಗೆ ಒಟ್ಟಿಗೇ ಹೋಗಿದ್ದವು. ಅಜ್ಜೀಪುರದಿಂದ ಅಣ್ಣನ ಫೋನು ನಾಳೆ ಬರುತ್ತದೆ, ನಾಡಿದ್ದಿನಿಂದ ಬರುವುದೇ ನಿಲ್ಲುತ್ತದೆ. ಅವಳು ತನ್ನ ಗ್ಲಾಸನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ಕೆಳಗೆ ಏನೋ ಅಂದ್ರಲ್ಲ," ಎಂದ ಅವನು, ಚಾಪೆಯ ಅಂಚು ನೋಡುತ್ತ. "ನಾನು ಒಪ್ಪಿಲ್ಲ ಅಂತ. ನನ್ನ ಯಾವಾಗ ಕೇಳಿದ್ರಿ?"

"ಈಗ ಕೇಳ್ತಿದೀನಿ."

ಅವನು ಕೊನೆಯ ಗುಟುಕನ್ನು ಬಾಯಲ್ಲಿ ಹಾಗೇ ಇಟ್ಟುಕೊಂಡು ಕೂತ. ಪಕ್ಕದ ಬೀದಿಯ ಯಂತ್ರಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಗುಟುಕು ಇಳಿಯಿತು. ಅವನು ಎದ್ದು, ಯೋಚಿಸದೆ, ಗ್ಲಾಸು ಹಿಡಿದುಕೊಂಡು ಹೊರಗಿನ ನಲ್ಲಿಯ ಕಡೆ ನಡೆದ.

ಹೊಸ್ತಿಲಲ್ಲಿ ಅವಳು ಅವನ ಮಣಿಕಟ್ಟು ಹಿಡಿದಳು.

"ಇಡಿ. ತೊಳೀಬೇಡಿ. ನಾಳೆ ಬೆಳಿಗ್ಗೆ ನಂಗೆ ಬೇಕು."

"ನಾಳೆ ಬೆಳಿಗ್ಗೆ ನಾನೇ ಬತ್ತೀನಲ್ಲ," ಎಂದ ಶಾಂತರಾಜು. "ಮನೆ ಹುಡುಕ್ಬೇಕಲ್ವಾ ಇಬ್ರುಗೂ."

"ಆದ್ರೂ ಇರಲಿ."

ಅವನ ಕೈಯಿಂದ ಗ್ಲಾಸು ತೆಗೆದುಕೊಂಡು ಹಲಗೆಯ ಮೇಲೆ ತನ್ನದರ ಪಕ್ಕದಲ್ಲಿಟ್ಟಳು. ಅವನು ಮೆಟ್ಟಿಲಿಳಿದು ಹೋದ ಮೇಲೆ ಬಂದು ನಿಂತು ನೋಡಿದಳು. ಎರಡರ ತಳದಲ್ಲೂ ಒಂದೊಂದು ತೊಟ್ಟು. ಎರಡರ ಬಾಯಲ್ಲೂ ಅದೇ ಹೊಗೆ. ಯಾವುದು ಯಾರದೆಂದು ಅವಳಿಗೇ ಗುರುತು ಸಿಗಲಿಲ್ಲ.